ಲಘುವಿನ ಮೇಲಿನ ಭಾರ

"ಗ ಲಘು. ವರ್ನ್ ಗುರು, ಮೆಂಟ್ ಗುರು. ಗುರು ಬಂದ ಕಡೆ ಒತ್ತಿ ಹೇಳ್ರಲೇ." ಜಂಬುಲಿಂಗಪ್ಪ ಮೇಷ್ಟ್ರು ಷಟ್ಪದಿಗೆ ಪ್ರಸ್ತಾರ ಹಾಕುವಂತೆಯೇ ಇಂಗ್ಲಿಷ್ ಪದದ ನೆತ್ತಿಯ ಮೇಲೂ ಗೆರೆ ಎಳೆದರು. ಮೊಳಕಾಲ್ಮೂರಿನ ಶಾಲೆಯ ಹನ್ನೊಂದು ಮಂದಿ ಹುಡುಗರು ಪದ್ಯದ ರಾಗದಲ್ಲೇ ಗವರ್ನ್‌ಮೆಂಟ್ ಎಂದರು.

ಸಹಾಯಕ ಉಪಾಧ್ಯಾಯ ಪಾಪಣ್ಣನಿಗೆ ನಿಂತಲ್ಲೇ ಕಸಿವಿಸಿಯಾಯಿತು. ನೇಕಾರರ ಮನೆಯ ಅವನು ಇಂಗ್ಲಿಷ್ ಕಲಿತದ್ದೂ ಈ ಮೇಷ್ಟ್ರ ಹತ್ತಿರವೇ. ಆದರೆ ಹೋದ ವಾರ ಸೀರೆ ತೋರಿಸಲು ಚಳ್ಳಕೆರೆಯ ಬಂಗಲೆಗೆ ಹೋಗಿದ್ದಾಗ ಬಿಳಿಯ ದೊರೆಯೊಬ್ಬ ಅಮಲ್ದಾರರೊಡನೆ ಆಡುತ್ತಿದ್ದ ಇಂಗ್ಲಿಷ್ ಮಾತು ಅವನ ಕಿವಿಗೆ ಬಿದ್ದಿತ್ತು. ಉದ್ದನೆಯ ಪದ ಬಂದರೆ ದೊರೆ ಒಂದೇ ಕಡೆ ಭಾರ ಊರಿ, ಉಳಿದದ್ದನ್ನು ಜಾರಿಸಿಬಿಡುತ್ತಿದ್ದ.

ಮರುದಿನ ಶಾಲಾ ಇನ್ಸ್‌ಪೆಕ್ಟರು ಬರುವವರಿದ್ದರು. ಓದು ಸುಧಾರಿಸದಿದ್ದರೆ ಇಂಗ್ಲಿಷ್ ತರಗತಿ ಮುಚ್ಚಿಸುವುದಾಗಿ ಹೋದ ವರ್ಷವೇ ಬರೆದು ಹೋಗಿದ್ದರು.

ಹುಡುಗರು ಹೋದ ಮೇಲೆ ಪಾಪಣ್ಣ ಮೆಲ್ಲಗೆ ಬಾಯಿಬಿಟ್ಟ. "ಮೇಷ್ಟ್ರೇ, ದೊರೆ ಗವರ್ನ್‌ಮೆಂಟ್ ಅಂದ್ರೆ ಭಾರ ಎಲ್ಲಾ 'ಗ' ಮ್ಯಾಲೇ ಐತ್ರಿ."

"ಗ ಲಘು ಕಣಲೇ. ಲಘು ಭಾರ ಹೊರ್ತೈತೇನು?"

"ಹೊರ್ತಿತ್ರಿ. ನಾಕು ಸಲ ಕೇಳ್ದೆ."

"ಸೀರೆ ಮಾರೋಕೆ ಹೋದೋನು ದೊರೆ ಬಾಯಿ ಅಳತೆ ಮಾಡ್ಕಂಡು ಬಂದೀಯ." ಮೇಷ್ಟ್ರು ನಕ್ಕರು. ನಗು ಬಹಳ ಹೊತ್ತು ಉಳಿಯಲಿಲ್ಲ. "ಇಂಥವು ಇನ್ನೆಷ್ಟವೆ?"

"ನಾನು ಕೇಳಿದ್ದು ಹತ್ತು ಹನ್ನೆರಡು. ಒಂದೊಂದು ಕಡೆ ನಿಮ್ಮ ಗುರುನೂ ಅವರ ಭಾರನೂ ಕೂಡಿ ಬರ್ತಾವ್ರಿ."

"ಒಂದೊಂದು ಕಡೆ," ಎಂದರು ಮೇಷ್ಟ್ರು. ಮೂವತ್ತು ವರ್ಷ ಪಾಠ ಹೇಳಿದ ಕೋಣೆಯ ಗೋಡೆಗಳನ್ನೊಮ್ಮೆ ನೋಡಿ, ಲಿಂಗಪೂಜೆಗೆ ಹೊತ್ತಾಯಿತೆಂದು ಎದ್ದು ಹೋದರು. ಆಡಬಾರದ್ದನ್ನು ಆಡಿದೆನೇನೋ ಎಂದು ಪಾಪಣ್ಣ ಅಲ್ಲೇ ಕುಳಿತ.

ಬೆಳಿಗ್ಗೆ ಮೇಷ್ಟ್ರು ಹಣೆತುಂಬ ವಿಭೂತಿ ಧರಿಸಿ ಎಲ್ಲರಿಗಿಂತ ಮೊದಲೇ ಬಂದಿದ್ದರು. "ಇವತ್ತು ಪಾಠ ನೀನು ಮಾಡು."

"ನೀವಿರುವಾಗ ನಾನು ಹೆಂಗ್ರಿ?"

"ನನ್ನ ನಾಲಿಗೆ ಒಂದು ರಾತ್ರೀಲಿ ತಿರುಗಲ್ಲ ಕಣಪ್ಪಾ. ಹುಡುಗರದ್ದು ತಿರುಗಬಹುದು. ತರಗತಿ ಉಳೀಲಿ."

ಅವರು ಹೆಗಲ ಮೇಲಿನ ವಲ್ಲಿ ಹಾಸಿಕೊಂಡು ಹಿಂದಿನ ಸಾಲಿನಲ್ಲಿ, ಹುಡುಗರ ನಡುವೆ ಕುಳಿತುಬಿಟ್ಟರು.

ಹೊರಗೆ ಜಟಕಾ ನಿಂತಿತು. ನಿಂಬೆಹಣ್ಣು ಹಿಡಿದು ಇನ್ಸ್‌ಪೆಕ್ಟರನ್ನು ಎದುರುಗೊಳ್ಳಬೇಕಾದ ಮೇಷ್ಟ್ರು ಮೇಲೇಳಲಿಲ್ಲ. ಶುರುಮಾಡು ಎಂದು ಕಣ್ಣಲ್ಲೇ ಹೇಳಿದರು. ಪಾಪಣ್ಣ ಗಂಟಲು ಸರಿಮಾಡಿಕೊಂಡು 'ಎಗ್ಸಾಮಿನೇಷನ್' ಎಂದ, ಭಾರವನ್ನೆಲ್ಲ 'ನೇ' ಮೇಲಿಟ್ಟು. ಹುಡುಗರು ಹಾಗೆಯೇ ಹೇಳಿದರು.

ಇನ್ಸ್‌ಪೆಕ್ಟರು ಬಾಗಿಲಲ್ಲೇ ನಿಂತು ಮೇಷ್ಟ್ರಿಗಾಗಿ ಅತ್ತಿತ್ತ ನೋಡಿದರು. ಹುಡುಗರ ಎಳೆಯ ಸ್ವರದ ಹಿಂದೆ, ಅರೆಕ್ಷಣ ತಡವಾಗಿ, ಒಂದು ವಯಸ್ಸಾದ ದನಿ ಆ ಪದವನ್ನು ತುಂಡು ತುಂಡಾಗಿ ತಡವಿಕೊಂಡು ಬರುತ್ತಿತ್ತು.