ಕಾಲು ಲೋಟ ಕಾಫಿ

ನವೆಂಬರ್ ಕೊನೆಯ ವಾರ ನನ್ನ ಗಂಡ ಜಗನ್ನಾಥನ ಹೆಸರಿಗೆ ಒಂದು ಕಾರ್ಡು ಬಂತು. ಅವನು ಹೋಗಿ ಹತ್ತು ತಿಂಗಳಾಗಿತ್ತು. ಬ್ಯಾಂಕು, ಲೈಬ್ರರಿ, ಹಲ್ಲಿನ ಡಾಕ್ಟರು, ಎಲ್ಲರೂ ಅವನ ಹೆಸರಿಗೆ ಬರೆಯುವುದನ್ನು ನಿಲ್ಲಿಸಿದ್ದರು. ಇವರಿಗೆ ಯಾರೂ ಹೇಳಿರಲಿಲ್ಲ. ಇವರು ಇದ್ದಾರೆಂದೇ ನನಗೆ ಗೊತ್ತಿರಲಿಲ್ಲ.

ಅರಬ್ ಎಮಿರೇಟ್ಸ್ ವಿದ್ಯಾರ್ಥಿಗಳ ವಾರ್ಷಿಕ ಪರಂಪರೆ ಉತ್ಸವ, ಸ್ಯಾನ್ ಮಟಿಯೋ, ಡಿಸೆಂಬರ್ ಐದು, ಶನಿವಾರ ಮಧ್ಯಾಹ್ನ. ಅಚ್ಚಾದ ಅಕ್ಷರಗಳ ಕೆಳಗೆ ಯಾರೋ ಕೈಯಲ್ಲಿ ಬರೆದಿದ್ದರು: ‘ಈ ಸಲವೂ ಬರಲೇಬೇಕು. ನೀವಿಲ್ಲದೆ ನಡೆಯುವುದಿಲ್ಲ. ಅಮ್ಮ ಬಂದಿದ್ದಾರೆ, ನಿಮ್ಮನ್ನೇ ಕೇಳುತ್ತಿದ್ದಾರೆ.’ ಸಹಿ ಇರುವ ಕಡೆ ಒಂದೇ ಅಕ್ಷರ. ಎಸ್.

ಈ ಸಲವೂ.

ಮೂರು ಡಿಸೆಂಬರ್‌ಗಳಿಂದ ಒಂದು ಶನಿವಾರ ಅವನಿಗೆ ಸ್ಯಾನ್ ಮಟಿಯೋದಲ್ಲಿ ಮೀಟಿಂಗು ಇರುತ್ತಿತ್ತು. ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದ. ಶರ್ಟಿನಲ್ಲಿ ಒಂದು ವಾಸನೆ ಇರುತ್ತಿತ್ತು. ನಮ್ಮ ಗಂಧವಲ್ಲ, ಇಲ್ಲಿ ಅಮೆರಿಕದ ಅಂಗಡಿಗಳ ಸೆಂಟೂ ಅಲ್ಲ. ಸಿಹಿ, ಹೊಗೆ, ಸ್ವಲ್ಪ ಚರ್ಮದ ಹಾಗೆ. ಮೊದಲ ಎರಡು ವರ್ಷ ಏನೂ ಕೇಳದೆ ಒಗೆದು ಹಾಕಿದೆ. ಮೂರನೆಯ ವರ್ಷ ಒಗೆಯಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಬಟ್ಟೆ ಬೀರುವಿನ ಮೇಲಿನ ಹಲಗೆಯಲ್ಲಿಟ್ಟೆ. ನಾನು ಮಾನಸಗಂಗೋತ್ರಿಯಲ್ಲಿ ರಸಾಯನಶಾಸ್ತ್ರ ಓದಿದವಳು. ಸ್ಯಾಂಪಲ್ ಹೇಗೆ ಕಾಪಾಡಬೇಕು ಎಂಬುದು ಗೊತ್ತು. ಒಳ್ಳೆಯ ದಿನ ನೋಡಿ ಕೇಳಬೇಕೆಂದಿದ್ದೆ. ಐದು ವಾರಗಳ ನಂತರ ಫ್ರೀವೇಯಲ್ಲಿ ಅವನ ಕಾರಿಗೆ ಟ್ರಕ್ಕು ಬಡಿಯಿತು.

ಇನ್ನೊಂದು ಕಾಗದವೂ ಮೇಜಿನ ಮೇಲಿತ್ತು. ಮೈಸೂರಿನಿಂದ ಅತ್ತೆ ಸತ್ಯವತಿ ಬರೆದದ್ದು. ‘ಜನವರಿಗೆ ವರ್ಷದ ತಿಥಿ. ಅವನ ತಮ್ಮ ಮಾಡುತ್ತಾನೆ. ನಾಲ್ಕು ವರ್ಷ ಜೊತೆಗಿದ್ದವಳು ನೀನು. ಈಚೆಗೆ ಅವನಿಗೆ ಏನು ಇಷ್ಟವಾಗುತ್ತಿತ್ತು ಬರೆದು ತಿಳಿಸು. ಎಡೆಗೆ ಅದನ್ನೇ ಇಡುತ್ತೇನೆ.’ ಆ ಕಾಗದ ಬಂದು ಮೂರು ವಾರವಾಗಿತ್ತು. ಬರೆಯಲು ಕೂತಾಗಲೆಲ್ಲ ಆ ಚೀಲ ನೆನಪಾಗುತ್ತಿತ್ತು. ಮನುಷ್ಯ ಯಾರೆಂದೇ ತಿಳಿಯದೆ ಅವನಿಗೆ ಏನಿಷ್ಟ ಎಂದು ಬರೆಯುವುದು ಹೇಗೆ?

ಜಗನ್ನಾಥ ಸತ್ತ ಮೇಲೆ ನಾನು ಫ್ರೀವೇಯಲ್ಲಿ ಕಾರು ಓಡಿಸಿಲ್ಲ. ಸ್ಯಾನ್ ಹೊಸೆಯ ಗೆಳತಿ ರಮಾಗೆ ಫೋನು ಮಾಡಿದೆ. ರಮಾ ಮಂಡ್ಯದವಳು. ಶರ್ಟಿನ ವಿಷಯ ಅವಳೊಬ್ಬಳಿಗೆ ಗೊತ್ತಿತ್ತು.

“ಎಸ್ ಅಂದ್ರೆ ಸಕೀನಾ, ಸಾರಾ, ಸುಲ್ತಾನಾ,” ಎಂದಳು ಆ ಶನಿವಾರ ಸ್ಟೀರಿಂಗ್ ಹಿಡಿದುಕೊಂಡು. “ಅಮ್ಮ ಬೇರೆ ಬಂದಿದಾರಂತೆ! ಇದು ಸಣ್ಣ ಪುಟ್ಟ ಕೇಸಲ್ಲ ಊರ್ಮಿಳಾ. ಫ್ಯಾಮಿಲಿ ಲೆವೆಲ್ಲು.”

“ಸುಮ್ನೆ ಓಡಿಸು.”

“ನಾನೇನು ತಪ್ಪು ಹೇಳ್ದೆ? ಎರಡು ವರ್ಷ ದುಬೈನಲ್ಲಿದ್ರು ತಾನೆ? ಅಲ್ಲಿನ ಪರಿಚಯ ಇಲ್ಲಿಗೆ ಬಂದಿರತ್ತೆ. ಆದ್ರೂ ನಂಬಕ್ಕಾಗಲ್ಲ ಕಣೇ. ನಮ್ಮನೆ ಪಾಟ್‌ಲಕ್ ಊಟದಲ್ಲಿ ಕಾಫಿ ಕೊಟ್ರಲ್ಲ, ನೆನಪಿದ್ಯಾ? ಕಾಲು ಲೋಟ! ನಮ್ಮತ್ತೆ ಮಂಡ್ಯಕ್ಕೆ ಹೋದ್ಮೇಲೂ ಹೇಳ್ತಿದ್ರಂತೆ, ‘ಆ ಮೈಸೂರೋನು ನೀರಿಗೂ ಬರಗಾಲ ಇರೋನ ಥರ ಬಗ್ಗಿಸ್ತಾನೆ’ ಅಂತ. ಅಂಥ ಜುಗ್ಗ ಎರಡು ಸಂಸಾರ ಹೆಂಗೆ ಸಾಕ್ತಾನೆ?”

ನೆನಪಿತ್ತು. ಮನೆಗೆ ಯಾರೇ ಬಂದರೂ ಕಾಫಿ ತಾನೇ ಬಗ್ಗಿಸುತ್ತೇನೆನ್ನುತ್ತಿದ್ದ. ಎಡಗೈಯಲ್ಲಿ ಪಾತ್ರೆ ಹಿಡಿದು ಲೋಟದ ತಳಕ್ಕಷ್ಟೇ ಬಗ್ಗಿಸಿ, ಅತಿಥಿಯ ಪಕ್ಕದಲ್ಲೇ ನಿಂತಿರುತ್ತಿದ್ದ. ನಮ್ಮ ಕಡೆ ಲೋಟ ತುಂಬಿಸದಿದ್ದರೆ ಎದ್ದು ಹೋಗು ಅಂದ ಹಾಗೆ. ನನಗೆ ನಾಚಿಕೆಯಾಗುತ್ತಿತ್ತು. ಅದಕ್ಕೂ ಜಗಳವಾಡಿದ್ದೇನೆ.

ಉತ್ಸವದ ಸಭಾಂಗಣ ದೊಡ್ಡದು. ಒಳಗೆ ಆಡಿನ ಕೂದಲಿನ ಕಪ್ಪು ಗುಡಾರ ಕಟ್ಟಿದ್ದರು. ಖರ್ಜೂರದ ಗರಿಯ ಚಾಪೆಗಳು. ಬಿಳಿ ನಿಲುವಂಗಿಯ ಹುಡುಗರು ಎರಡು ಸಾಲಾಗಿ ನಿಂತು, ಬೆತ್ತ ಎತ್ತಿ, ತಲೆಯಾಡಿಸುತ್ತ ಹಾಡುತ್ತಿದ್ದರು. ಕೈಗವಸಿನ ಮೇಲೆ ಬೇಟೆಯ ಡೇಗೆ ಕೂರಿಸಿಕೊಂಡು ನಿಂತಿದ್ದವನು ಮಾತ್ರ ಅಮೆರಿಕನ್ ಮುದುಕ. ಹಕ್ಕಿ ಅವನದೇ, ಹತ್ತಿರದ ಊರು ಫ್ರೀಮಾಂಟಿನದು.

ಬಾಗಿಲು ದಾಟುತ್ತಲೇ ಆ ವಾಸನೆ ಬಂತು. ಚೀಲ ನನ್ನ ಹ್ಯಾಂಡ್‌ಬ್ಯಾಗಿನಲ್ಲಿತ್ತು. ತೆಗೆದು ನೋಡುವ ಅಗತ್ಯ ಬೀಳಲಿಲ್ಲ. ಅದೇ.

“ನಾನು ಊಟದ ಕಡೆ ನೋಡ್ತೀನಿ, ನೀನು ಹೆಂಗಸರನ್ನ ನೋಡು,” ಎಂದು ರಮಾ ಹೋದಳು.

ನೋಡಿದೆ. ಒಬ್ಬೊಬ್ಬಳನ್ನೂ ನೋಡಿದೆ. ಮದರಂಗಿ ಮೇಜಿನ ಹಿಂದೆ ಮೂವರು. ಇಬ್ಬರ ಎದೆಯ ಚೀಟಿಯಲ್ಲಿ ಎಚ್‌ನಿಂದ ಶುರುವಾಗುವ ಹೆಸರು. ಮೂರನೆಯವಳದು ಸಲ್ಮಾ. ಇಪ್ಪತ್ತೆರಡು ಇರಬಹುದು. ಉದ್ದ ಕುತ್ತಿಗೆ. ಯಾರೋ ಮಗುವಿನ ಅಂಗೈ ಹಿಡಿದು ಬಳ್ಳಿ ಬಿಡಿಸುತ್ತಿದ್ದಳು. ಕೈ ನಡುಗುತ್ತಿರಲಿಲ್ಲ. ಅದಕ್ಕೂ ಸಿಟ್ಟು ಬಂತು. ಹತ್ತು ತಿಂಗಳಿನಲ್ಲಿ ನನಗೆ ಬಂದ ಮೊದಲ ಸಿಟ್ಟು.

ಕಾರ್ಡು ಅವಳ ಮುಂದಿಟ್ಟೆ. “ಜಗನ್ನಾಥ ಗೊತ್ತೆ ನಿಮಗೆ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಅವಳ ಮುಖ ಅರಳಿತು. “ಬಂದ್ರಾ? ಎಲ್ಲಿ? ಅಣ್ಣ ಬೆಳಿಗ್ಗೆಯಿಂದ ಬಾಗಿಲು ನೋಡಿ ನೋಡಿ ಸಾಯ್ತಿದಾನೆ. ನೀವು ಹೆಂಡ್ತೀನಾ? ಅಯ್ಯೋ, ನೀವು ಮನೆ ಬಿಟ್ಟು ಹೊರಗೇ ಬರಲ್ಲ ಅಂತಿದ್ರು!” ಹಿಂದಕ್ಕೆ ತಿರುಗಿ ಕೂಗಿದಳು. “ಸೈಫ್!”

ಎಸ್ ಎಂದರೆ ಸೈಫ್. ಗಡ್ಡ ಚಿಗುರಿದ, ಕನ್ನಡಕದ ಇಂಜಿನಿಯರಿಂಗ್ ವಿದ್ಯಾರ್ಥಿ. ಓಡಿ ಬಂದು ನನ್ನ ಹಿಂದೆ ಜಗನ್ನಾಥನನ್ನು ಹುಡುಕಿದ. ನಾನು ಹೇಳಬೇಕಾದ್ದನ್ನು ಹೇಳಿದೆ. ಎರಡೇ ವಾಕ್ಯ. ಅಭ್ಯಾಸವಾಗಿಬಿಟ್ಟಿದೆ.

ಅವನು ಕನ್ನಡಕ ತೆಗೆದ. ಮತ್ತೆ ಹಾಕಿಕೊಂಡ. ನನ್ನನ್ನು ಗುಡಾರದೊಳಕ್ಕೆ ಕರೆದುಕೊಂಡು ಹೋದ.

ಒಳಗೆ ಒಂದು ದಿಂಬಿನ ಮೇಲೆ ಬೆಳ್ಳಿ ದಾರದ ಪಟ್ಟಿ ಹೆಣೆಯುತ್ತ ಅವನ ತಾಯಿ ಕೂತಿದ್ದರು. ಹೆಸರು ಮೋಜಾ. ಹುಬ್ಬು ಮೂಗು ತುಟಿ ಮುಚ್ಚುವ, ಹೊಳೆಯುವ ಮುಖವಾಡ. ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಮಗ ಅರಬ್ಬಿಯಲ್ಲಿ ಏನೋ ಹೇಳಿದ. ದಾರದ ಉಂಡೆಗಳು ಅವರ ಕೈಯಿಂದ ಜಾರಿ ಚಾಪೆಯ ಮೇಲೆ ಉರುಳಿದವು. ಅವರು ನನ್ನ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಹಿಂದಿಯಲ್ಲಿ ಮಾತಾಡಿದರು. ಬೊಂಬಾಯಿಯ ಬಟ್ಟೆ ವ್ಯಾಪಾರಿಗಳಿಂದ ಕಲಿತ ಹಿಂದಿಯಂತೆ. ನನ್ನದಕ್ಕಿಂತ ಚೆನ್ನಾಗಿತ್ತು.

ಒಬ್ಬ ವಿದ್ಯಾರ್ಥಿ ಉದ್ದ ಕೊಕ್ಕಿನ ಹಿತ್ತಾಳೆ ಹೂಜಿ ತಂದ. ಬಲಗೈಯಲ್ಲಿ ಹೂಜಿ, ಎಡಗೈಯಲ್ಲಿ ಹಿಡಿಯಿಲ್ಲದ ಪುಟ್ಟ ಬಟ್ಟಲು. ಅಂಚಿನವರೆಗೆ ತುಂಬಿಸಿ ನನಗೆ ಕೊಟ್ಟ.

ಮೋಜಾ ಅವನ ಕೈಗೆ ರಪ್ಪನೆ ಹೊಡೆದರು. ಬಟ್ಟಲು ಕಿತ್ತುಕೊಂಡು ಕಾಫಿ ಚೆಲ್ಲಿದರು.

“ಕತ್ತೆ ಇದು. ಕ್ಷಮಿಸು ಮಗಳೆ. ತುಂಬಿಸಿ ಕೊಟ್ಟರೆ ‘ಕುಡಿದು ಹೊರಡು’ ಅಂತ. ಶತ್ರುವಿಗೆ ಹಾಗೆ ಕೊಡೋದು. ಕಾಲು ಭಾಗ ಹಾಕಬೇಕು. ಎಡಗೈಯಲ್ಲಿ ಹೂಜಿ. ಮುಗಿದರೆ ಮತ್ತೆ ಹಾಕಬೇಕು. ಸಾಕು ಅಂತ ಬಟ್ಟಲು ಅಲ್ಲಾಡಿಸುವ ತನಕ ಪಕ್ಕದಲ್ಲೇ ನಿಂತಿರಬೇಕು. ಈ ಹುಡುಗರಿಗೆ ಅಮೆರಿಕ ಹತ್ತಿದೆ. ನಿನ್ನ ಗಂಡ ಇದ್ದಿದ್ದರೆ ಹೀಗಾಗ್ತಿರಲಿಲ್ಲ.”

ನನಗೆ ಅರ್ಥವಾಗುವುದಕ್ಕೆ ಸಮಯ ಹಿಡಿಯಿತು. ಅರ್ಥವಾಗಬಾರದು ಎಂದೂ ಅನ್ನಿಸುತ್ತಿತ್ತು.

“ಅವನು ಇಲ್ಲಿ ಏನು ಮಾಡ್ತಿದ್ದ?”

“ಕಾಫಿ ಕೊಡ್ತಿದ್ದ. ಮತ್ತೇನು?” ಎಂದರು. “ನಮ್ಮ ಮನೆಯಲ್ಲೂ ಎರಡು ವರ್ಷ ಅದೇ ಕೆಲಸ. ನನ್ನ ಯಜಮಾನರ ಬೈಠಕ್ಕಿಗೆ ದಿನಕ್ಕೆ ನಲವತ್ತು ಜನ ಬರ್ತಿದ್ದರು. ಒಬ್ಬರೂ ಬರಿ ಬಟ್ಟಲು ಹಿಡಿದು ಕೂತದ್ದಿಲ್ಲ.”

“ಅವನು ಬಂದರಿನಲ್ಲಿ ಇಂಜಿನಿಯರ್ ಆಗಿದ್ದ,” ಎಂದೆ. “ಫೋಟೊ ಇದೆ. ಕ್ರೇನಿನ ಮುಂದೆ, ಹೆಲ್ಮೆಟ್ ಹಾಕಿಕೊಂಡು.”

ಹೆಣ್ಣು ನೋಡಲು ಬಂದಾಗ ಅತ್ತೆ ನಮ್ಮಪ್ಪನ ಕೈಗೆ ಕೊಟ್ಟ ಫೋಟೊ ಅದು. ನನ್ನ ಮದುವೆ ನಿಂತದ್ದೇ ಆ ಫೋಟೊದ ಮೇಲೆ.

ಮೋಜಾ ಮಗನ ಕಡೆ ನೋಡಿದರು. ಮಗ ನೆಲ ನೋಡಿದ.

“ಹೆಲ್ಮೆಟ್ ನನ್ನ ತಮ್ಮನದು,” ಎಂದರು ಕೊನೆಗೆ. “ಬಂದರಿನಲ್ಲಿ ಕಾವಲು ಇದ್ದ. ಅಮ್ಮನಿಗೆ ಫೋಟೊ ಕಳಿಸಬೇಕು ಅಂತ ನಿನ್ನ ಗಂಡ ಕೇಳಿ ಹಾಕಿಕೊಂಡಿದ್ದ. ಅವನು ಇಂಜಿನಿಯರ್ ಹೌದು ಮಗಳೆ, ಸರ್ಟಿಫಿಕೇಟು ನಾವೂ ನೋಡಿದ್ದೆವು. ಅವನನ್ನು ಕರೆಸಿದ ಕಂಪನಿ ಇರಲಿಲ್ಲ. ಏಜೆಂಟು ಕೊಟ್ಟ ವಿಳಾಸದಲ್ಲಿ ಟೈರಿನ ಅಂಗಡಿ ಇತ್ತು. ಅದರ ಮುಂದೆ ಪೆಟ್ಟಿಗೆ ಇಟ್ಟುಕೊಂಡು ಮೂರು ದಿನ ಕೂತಿದ್ದ. ನನ್ನ ಯಜಮಾನರು ಕರಕೊಂಡು ಬಂದರು. ಊರಿಗೆ ಟಿಕೆಟ್ ತೆಗೆಸ್ತೀನಿ ಅಂದರೂ ಹೋಗಲಿಲ್ಲ.”

“ನನಗೆ ಆಲ್ಜೀಬ್ರಾ ಕಲಿಸಿದ್ದು ಅವರೇ,” ಎಂದ ಸೈಫ್ ಇಂಗ್ಲಿಷಿನಲ್ಲಿ. “ಇಲ್ಲಿ ಓದಕ್ಕೆ ಬಂದಾಗ ಫೋನ್ ಬುಕ್ಕಲ್ಲಿ ಅವರ ಹೆಸರು ಹುಡುಕಿದೆ. ಉತ್ಸವಕ್ಕೆ ಸಹಾಯ ಮಾಡಿ ಅಂದೆ. ಒಂದೇ ಒಂದು ಕಂಡಿಷನ್ ಹಾಕಿದ್ರು. ಮನೆಗೆ ಫೋನ್ ಮಾಡಬಾರದು. ಪ್ರತಿ ವರ್ಷ ಅವರೇ ಫೋನ್ ಮಾಡ್ತಿದ್ರು, ಈ ಸಲ ಮಾಡಲಿಲ್ಲ, ಅದಕ್ಕೆ ಕಾರ್ಡು ಹಾಕಿದೆ.”

ಆಗ ಧೂಪದ ಪಾತ್ರೆ ಬಂತು. ಕೆಂಡದ ಮೇಲೆ ಕಪ್ಪು ಚಕ್ಕೆ. ಸಲ್ಮಾ ಅದನ್ನು ಒಬ್ಬೊಬ್ಬರ ಮುಂದೆಯೂ ಹಿಡಿದಳು. ಎಲ್ಲರೂ ಹೊಗೆಯನ್ನು ಕೈಯಿಂದ ಬಟ್ಟೆಗೆ ಎಳೆದುಕೊಂಡರು. ನಾನು ಅವಳ ತೋಳನ್ನೇ ನೋಡಿದೆ. ಪಾತ್ರೆ ಹಿಡಿದು ಎಲ್ಲರ ಮುಂದೆ ನಿಲ್ಲುವವರ ತೋಳಿಗೇ ಹೆಚ್ಚು ಹೊಗೆ ಹತ್ತುತ್ತದೆ. ನನ್ನ ಚೀಲದಲ್ಲಿದ್ದ ಶರ್ಟಿನಲ್ಲೂ ವಾಸನೆ ಇದ್ದದ್ದು ತೋಳಿನಲ್ಲಿ. ಕುತ್ತಿಗೆಯ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ನಾನು ಆಗಲೇ ಗಮನಿಸಿದ್ದೆ. ಗಮನಿಸಿ, ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮೋಜಾ ತಾವೇ ಹೂಜಿ ಎತ್ತಿ ನನಗೆ ಕಾಫಿ ಹಾಕಿದರು. ತಿಳಿ ಹೊಂಬಣ್ಣ, ಏಲಕ್ಕಿ, ಸಕ್ಕರೆಯಿಲ್ಲ. ಕುಡಿದೆ. ಮತ್ತೆ ಹಾಕಿದರು. ಬಟ್ಟಲು ಅಲ್ಲಾಡಿಸಬೇಕೆಂಬುದು ಗೊತ್ತಿದ್ದೂ ಅಲ್ಲಾಡಿಸಲಿಲ್ಲ. ಎಷ್ಟು ಸಲ ಹಾಕಿದರೋ.

ವಾಪಸು ಬರುವಾಗ ರಮಾ ರೇಡಿಯೊ ನಿಲ್ಲಿಸಿದಳು.

“ಸಿಕ್ಕಿದಳಾ?”

“ಯಾರೂ ಇಲ್ಲ.”

“ಮತ್ತೆ ಮೂರು ವರ್ಷ ಏನ್ ಮಾಡಕ್ಕೆ ಬರ್ತಿದ್ರು?”

“ಈ ಹುಡುಗರಿಗೆ ಸಹಾಯ ಮಾಡಕ್ಕೆ.”

“ಅದನ್ನ ಯಾಕೆ ಮುಚ್ಚಿಡಬೇಕು?” ಅವಳು ನನ್ನ ಕಡೆ ತಿರುಗಿದಳು. “ನಂಗೇನೋ ಡೌಟು.”

“ರೋಡು ನೋಡು ರಮಾ.”

ಅವಳ ಮನೆಯ ಆ ಪಾಟ್‌ಲಕ್ಕು ನೆನಪಾಗುತ್ತಿತ್ತು. ಕಾಲು ಲೋಟ ಕಾಫಿಯ ದಿನ. ಅವತ್ತು ಯಾರೋ ಹಾಸನದ ಕಡೆಯ ಒಬ್ಬನ ಕಥೆ ಹೇಳಿದ್ದರು. ಗಲ್ಫಿನಲ್ಲಿ ಮ್ಯಾನೇಜರ್ ಎಂದು ಹೇಳಿಕೊಂಡು ಊರೆಲ್ಲ ತಿರುಗಿದನಂತೆ, ನೋಡಿದರೆ ಯಾವನೋ ಶೇಖನ ಮನೆಯಲ್ಲಿ ಲೋಟ ತೊಳೆಯುತ್ತಿದ್ದನಂತೆ. ಎಲ್ಲರೂ ನಕ್ಕಿದ್ದರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ. “ಅವನ ಹೆಂಡ್ತಿ ಪಾಪ, ಯಾವ ಮುಖ ಇಟ್ಕೊಂಡು ಓಡಾಡ್ತಾಳೋ,” ಎಂದಿದ್ದೆ. ಜಗನ್ನಾಥನೂ ನಕ್ಕ. ನಕ್ಕು, ಎದ್ದು ಹೋಗಿ, ಎಲ್ಲರಿಗೂ ಕಾಫಿ ತಂದ.

ಮಾರನೆಯ ದಿನ ಬೆಳಿಗ್ಗೆ ಅತ್ತೆಗೆ ಬರೆದೆ. ಮಗನ ಇಂಜಿನಿಯರ್ ಕೆಲಸ ಅವರ ಪಾಲಿಗೆ ಹಾಗೇ ಇರಲಿ ಎಂದುಕೊಂಡೆ. ಉತ್ಸವದ ಸುದ್ದಿ ಬರೆಯಲಿಲ್ಲ. ‘ಕಾಫಿ ಇಡಿ. ಲೋಟ ತುಂಬಿಸಬೇಡಿ, ಕಾಲು ಭಾಗ ಸಾಕು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ. ಅವರು ಹಾಗೆ ಕೊಡುತ್ತಿದ್ದರು.’ ಇಷ್ಟೇ.

ತಿಥಿಗೆ ನಾಲ್ಕು ದಿನ ಮುಂಚೆ ಉತ್ತರ ಬಂತು. ನೀಲಿ ಏರ್‌ಲೆಟರಿನಲ್ಲಿ ಮೂರು ಸಾಲು. ಉಳಿದದ್ದು ಖಾಲಿ.

‘ನೀನು ಹೇಳಿದ ಹಾಗೇ ಇಡುತ್ತೇನೆ. ಹೆಲ್ಮೆಟ್ ಹಾಕಿಕೊಂಡು ಒಂದು ಫೋಟೊ ಕಳಿಸು, ಹೆಣ್ಣು ಹುಡುಕುವುದಕ್ಕೆ ಬೇಕಾಗುತ್ತದೆ ಎಂದು ಬರೆದವಳೂ ನಾನೇ. ಅಲ್ಲಿ ಕಾಫಿ ಕೊಡುತ್ತಿದ್ದದ್ದನ್ನು ಊರ್ಮಿಳಾಗೆ ಹೇಳಿಬಿಡು ಎಂದು ಅವನಿಗೆ ಎಷ್ಟು ಸಲ ಬರೆದೆ, ಅವಳು ನಗುತ್ತಾಳೆ ಎನ್ನುತ್ತಿದ್ದ. ಕೊನೆಗೆ ಯಾವಾಗ ಹೇಳಿದ?’

ತಿಥಿ ಮುಗಿದು ಎರಡು ವಾರವಾಯಿತು. ಆ ಕಾಗದಕ್ಕೆ ನಾನಿನ್ನೂ ಉತ್ತರ ಬರೆದಿಲ್ಲ.