ಸೈಕಲ್ ಹುಡುಕಲು ಹೋದವರು

ಕತ್ತರಿ ಸಾಣೆ ಹಿಡಿಯುವವನು ಈ ಕಡೆ ಬಂದಿದ್ದನೇ ಎಂದು ದರ್ಜಿ ಅಕ್ಕ ಕ್ಷೌರದ ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿದಳು. ಕೇಳುತ್ತಲೇ ಅವಳ ಕಣ್ಣು ಕುರ್ಚಿಗಳನ್ನೂ ಮೂಲೆಯ ಬೆಂಚನ್ನೂ ಸುತ್ತಿ ಬಂತು. ತಮ್ಮ ಅಲ್ಲಿರಲಿಲ್ಲ. ಬೇಕರಿಯಲ್ಲಿ ಬೇಡದ ಬ್ರೆಡ್ಡು ಕೊಂಡಳು. ಬಸ್ ನಿಲ್ದಾಣದಲ್ಲಿ ಯಾರನ್ನೋ ಕಾಯುವವಳಂತೆ ನಿಂತಳು. ಹೋದ ಕಡೆಗೆಲ್ಲ ಒಂದೊಂದು ನೆಪ. ತಮ್ಮನ ಮಾತು ಮಾತ್ರ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಸರಿಯುತ್ತಿತ್ತು.

ಅವನು ಕಟ್ಟಡಗಳಿಗೆ ಬಣ್ಣ ಬಳಿಯುವವನು. ಅಟ್ಟಣಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡಾಗ ಕೊಟ್ಟ ನೋವಿನ ಮಾತ್ರೆ, ಸೊಂಟ ಕೂಡಿಕೊಂಡ ಮೇಲೂ ಅವನನ್ನು ಬಿಡಲಿಲ್ಲ. ಮಾತ್ರೆ ಸಿಗದಾದಾಗ ಪುಡಿಗೆ ಬಿದ್ದ. ಹೆರಾಯಿನ್ ಎಂಬ ಹೆಸರನ್ನು ಅವಳು ಮನಸ್ಸಿನಲ್ಲೂ ಹೇಳಿಕೊಂಡವಳಲ್ಲ. ತಾಯಿ ಹೋದ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಕೇಳಿದವರಿಗೆ ಮೈ ಸರಿಯಿಲ್ಲ, ಮಲಗಿದ್ದಾನೆ ಎನ್ನುವುದೇ ಅವಳ ಸಿದ್ಧ ಉತ್ತರ. ಔಷಧಿ ಅಂಗಡಿಯಾಕೆ ಶಾಲೆಯ ಕೋಣೆಯಲ್ಲಿ ಬೀದಿಯವರನ್ನೆಲ್ಲ ಸೇರಿಸಿ, ಪುಡಿ ಹೆಚ್ಚಾಗಿ ಉಸಿರು ನಿಂತವರ ಮೂಗಿಗೆ ಹೊಡೆಯುವ ಔಷಧಿಯನ್ನು ತೋರಿಸಿಕೊಟ್ಟಾಗಲೂ ಅವಳು ಹೊಲಿಗೆ ಬಾಕಿಯಿದೆಯೆಂದು ತಪ್ಪಿಸಿಕೊಂಡಿದ್ದಳು. ಅಲ್ಲಿ ಕೂತರೆ ಎಲ್ಲರೂ ತನ್ನ ಮುಖವನ್ನೇ ನೋಡಿಯಾರು ಎಂಬ ಅಳುಕು.

ಇನ್ನು ಮುಟ್ಟುವುದಿಲ್ಲ ಎಂದು ಆಣೆಯಿಟ್ಟು, ಕೆಲವು ದಿನ ಬೆವರಿ ನಡುಗಿ ಮಲಗಿದ್ದವನು ಈ ಬೆಳಿಗ್ಗೆ ಹೇಳದೆ ಕೇಳದೆ ಹೊರಟಿದ್ದ. ಮಧ್ಯಾಹ್ನ ಕಳೆದರೂ ಪತ್ತೆಯಿಲ್ಲ. ಫೋನು ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂರಲಾಗದೆ ಅವಳು ಬೀದಿಗಿಳಿದಿದ್ದಳು.

ಸೈಕಲ್ ಅಂಗಡಿ ಬಂದಾಗ ಅವಳು ಎದುರು ಬದಿಗೆ ದಾಟಿದಳು. ಹೋದ ತಿಂಗಳು ತಮ್ಮ ಅಲ್ಲಿಂದಲೇ ಒಂದು ಸೈಕಲ್ ಎಗರಿಸಿದ್ದ. ಅಂಗಡಿಯವನು ಅವಳ ಮನೆ ಮುಂದೆ ನಿಂತು ಬಾಯಿಗೆ ಬಂದಂತೆ ಬೈದಿದ್ದ. ಅವನೇ ಈಗ ಕೈಯ ಗ್ರೀಸು ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದ.

"ಏನಮ್ಮ, ಆಗಿನಿಂದ ಮೇಲಕ್ಕೂ ಕೆಳಕ್ಕೂ ಓಡಾಡ್ತಿದ್ದೀಯ. ಏನು ಕಳ್ಕೊಂಡೆ?"

ಕತ್ತರಿಯ ಮಾತು ಎತ್ತಲು ಹೋದಳು. ಅರ್ಧದಲ್ಲೇ ಬಿಟ್ಟಳು.

"ನನ್ನ ತಮ್ಮ ಹೆರಾಯಿನ್ ತಗೋತಾನೆ ಅಣ್ಣ. ಬೆಳಿಗ್ಗೆಯಿಂದ ಕಾಣ್ತಿಲ್ಲ."

"ಗೊತ್ತಮ್ಮ. ಬೀದಿಗೆಲ್ಲ ಗೊತ್ತು. ನೀನಾಗೇ ಬಾಯಿ ಬಿಡ್ತೀಯ ಅಂತ ಕಾಯ್ತಿದ್ವಿ."

ಗೊತ್ತಿದ್ದೂ ಸುಮ್ಮನಿದ್ದರೇ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಅವನಾಗಲೇ ಕ್ಷೌರಿಕನನ್ನು ಕೂಗಿ ಕರೆಯುತ್ತಿದ್ದ. ಕ್ಷೌರಿಕ ಅರ್ಧ ಗಡ್ಡ ಕೆರೆದ ಗಿರಾಕಿಯನ್ನು ಬಿಟ್ಟು ಓಡಿ ಬಂದ. ಗಿರಾಕಿಯೂ ಕೊರಳಲ್ಲಿ ಟವೆಲ್ಲು, ಒಂದು ಕೆನ್ನೆಯಲ್ಲಿ ನೊರೆ ಇಟ್ಟುಕೊಂಡೇ ಹಿಂದೆ ಬಂದ. ಔಷಧಿ ಅಂಗಡಿಯಾಕೆ ಚೀಲ ಹಿಡಿದು ಇಳಿದಳು. ಗಿರಾಕಿ ನಿಲ್ದಾಣದ ಶೌಚಾಲಯದ ಕಡೆ, ಬೇಕರಿಯವನು ಸೇತುವೆ ಕೆಳಗೆ, ಉಳಿದವರು ಮುಚ್ಚಿಹೋದ ಹತ್ತಿ ಗೋದಾಮಿನ ಕಡೆ.

ತಮ್ಮ ಗೋದಾಮಿನ ಹಿಂಗೋಡೆಗೆ ಒರಗಿ ಬಿದ್ದಿದ್ದ. ತುಟಿ ನೀಲಿ. ಗಂಟಲಲ್ಲಿ ಗೊರಗೊರ ಸದ್ದು, ಅದೂ ನಿಂತು ನಿಂತು. ಔಷಧಿ ಅಂಗಡಿಯಾಕೆ ಅವನನ್ನು ಅಂಗಾತ ಮಲಗಿಸಿ ಮೂಗಿಗೆ ಔಷಧಿ ಹೊಡೆದಳು. ಏನೂ ಆಗಲಿಲ್ಲ. ಕ್ಷೌರಿಕ ಗಲ್ಲ ಎತ್ತಿ ಹಿಡಿದು, ಬಾಯಿಗೆ ಬಾಯಿಯಿಟ್ಟು ಉಸಿರು ಊದಿದ. ಸೈಕಲ್ ಅಂಗಡಿಯವನು ಆಂಬುಲೆನ್ಸಿಗೆ ದಾರಿ ಹೇಳುತ್ತಿದ್ದ.

"ನೋಡ್ತಾ ನಿಂತ್ಕೋಬೇಡಕ್ಕ," ಎಂದಳು ಔಷಧಿ ಅಂಗಡಿಯಾಕೆ. "ಕರೀತಾ ಇರು."

ಅವಳು ಅವನ ಪಾದ ಹಿಡಿದುಕೊಂಡು, ಮನೆಯಲ್ಲಿ ಕರೆಯುವ ಹೆಸರಿನಿಂದ ಕರೆದಳು. ಇಷ್ಟು ಜನರ ಮುಂದೆ ಆ ಹೆಸರನ್ನು ಎಂದೂ ಆಡಿರಲಿಲ್ಲ. ಎರಡನೆಯ ಸಲ ಔಷಧಿ ಹೊಡೆದ ಮೇಲೆ ಅವನ ಎದೆ ಜಗ್ಗಿ ಮೇಲಕ್ಕೆದ್ದಿತು. ಕಣ್ಣು ಬಿಟ್ಟು, ಸುತ್ತ ಬಗ್ಗಿದ್ದ ಮುಖಗಳನ್ನು ನೋಡಿ, ಇಲ್ಲಿಗ್ಯಾಕೆ ಬಂದಿರಿ ಎಂದು ತೊದಲಿ ಬೈದ.

"ನಾನು ಬಂದಿದ್ದು ನನ್ನ ಸೈಕಲ್ ಹುಡುಕ್ಕೊಂಡು," ಎಂದ ಸೈಕಲ್ ಅಂಗಡಿಯವನು. "ಸಿಕ್ಕಿದ್ದು ನೀನು. ಏನ್ ಮಾಡ್ಲಿ?" ಹೇಳಿ ಮುಖ ತಿರುಗಿಸಿಕೊಂಡ.

ತಮ್ಮ ಆಸ್ಪತ್ರೆಯಿಂದ ಬಂದ ಮೇಲೆ ಚಟ ಬಿಡಿಸುವ ಚಿಕಿತ್ಸಾ ಕೇಂದ್ರದವರು, ದಿನವೂ ಬಂದು ನರ್ಸಿನ ಎದುರೇ ಔಷಧಿ ತೆಗೆದುಕೊಳ್ಳಬೇಕೆಂದರು. ಅವನು ಹೋದ, ತಪ್ಪಿಸಿದ, ಒಮ್ಮೆ ಮತ್ತೆ ಪುಡಿಗೂ ಬಿದ್ದ. ಕ್ಷೌರಿಕ ಹುಡುಕಿ ಕರೆತಂದು, ಗಡ್ಡ ಹೆರೆದು ಕೇಂದ್ರಕ್ಕೆ ಕಳಿಸಿದ. ಅಂದಿನಿಂದ ಅವನನ್ನು ದಿನವೂ ಕೇಂದ್ರಕ್ಕೆ ಕರೆದೊಯ್ಯಲು ಬೀದಿಯವರೇ ಸರದಿ ಹಾಕಿಕೊಂಡರು. ತನಗೂ ಒಂದು ದಿನ ಕೊಡಿ ಎಂದು ಅಕ್ಕ ಕೇಳಿದ್ದಕ್ಕೆ ಔಷಧಿ ಅಂಗಡಿಯಾಕೆ ಬೇಡವೆಂದು ತಲೆಯಾಡಿಸಿದಳು: "ಕಾವಲು ನಾವು ಕಾಯ್ತೀವಿ. ನೀನು ಅಕ್ಕನಾಗಿರು."

ಇಂದು ಸೈಕಲ್ ಅಂಗಡಿಯವನ ಸರದಿ. ಅಕ್ಕ ಯಂತ್ರದ ಮುಂದಿನ ಕಿಟಕಿಯಿಂದ ನೋಡುತ್ತಿದ್ದಳು. ತಮ್ಮ ಬಿರಬಿರನೆ ಮುಂದೆ ಹೋಗುತ್ತಿದ್ದ. ಆ ದೊಡ್ಡ ಮೈಯ ಮನುಷ್ಯ ಮಂಡಿನೋವಿನ ಕಾಲೆಳೆಯುತ್ತ ಹಿಂದೆ ಬಿದ್ದಿದ್ದ. ತಿರುವಿನ ಆಚೆಗೆ ಬಸ್ಸುಗಳು, ಸಂತೆಯಂಥ ಜನ. ಅವಳ ಕಾಲು ತಾನಾಗಿ ಯಂತ್ರದ ಪೆಡಲಿನಿಂದ ಇಳಿದು ಚಪ್ಪಲಿಗೆ ತಡಕಾಡಿತು.

ತಿರುವಿನಲ್ಲಿ ತಮ್ಮ ನಿಂತ. ಹಿಂದಕ್ಕೆ ತಿರುಗಲಿಲ್ಲ. ಜೇಬಿನಲ್ಲಿ ಕೈಯಿಟ್ಟು, ಭುಜ ಅಲುಗಿಸುತ್ತ, ಹಿಂದಿನ ಹೆಜ್ಜೆಗಳು ಹತ್ತಿರವಾಗುವವರೆಗೆ ನಿಂತೇ ಇದ್ದ.