ಸೊಸೆಗೆ ಕೊಟ್ಟ ಸೊಪ್ಪು

ಹುಣ್ಣು ಮಾಯಿಸುವ ಸೊಪ್ಪು ಯಾವುದೆಂದು ನಮ್ಮ ಮನೆಯಲ್ಲಿ ಒಬ್ಬರಿಗೇ ತಿಳಿದಿರಬೇಕು, ಇಬ್ಬರಿಗೆ ತಿಳಿದರೆ ಗುಣ ಹೋಗುತ್ತದೆ ಅನ್ನೋದು ಹಿರಿಯರ ಕಟ್ಟು. ನಮ್ಮಪ್ಪ ಸಾಯುವ ಮುಂಚೆ ಅದನ್ನು ಅಣ್ಣ ಚಿತ್ರಲಿಂಗಪ್ಪನಿಗೆ ಹೇಳಲಿಲ್ಲ. ಅಣ್ಣನ ಹೆಂಡತಿ ಸಿದ್ದಕ್ಕನನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಿ ತೋರಿಸಿದ. "ನಿನ್ನ ಬಾಯಲ್ಲಿ ಮಾತು ನಿಲ್ಲಲ್ಲ ಕಣಲೇ" ಅಂದಿದ್ದ ಅಣ್ಣನಿಗೆ.

ಅವತ್ತಿನಿಂದ ಅಣ್ಣ ನೆಮ್ಮದಿಯಾಗಿ ಉಂಡಿದ್ದಿಲ್ಲ. ಧರ್ಮಪುರದ ಕಡೆಯ ಜನ ಕಾಲು ಹುಣ್ಣು ಮಾಡಿಕೊಂಡು ಬಂದು "ಸಿದ್ದಕ್ಕ ಐದಾಳಾ?" ಅಂದರೆ, "ಈ ಮನೇಲಿ ನಾನೂ ಒಬ್ಬ ಐದೀನಿ" ಅನ್ನೋನು.

ಎಪ್ಪತ್ತಾರನೇ ಇಸವಿಯಲ್ಲಿ ಬೆಂಗಳೂರಿಂದ ಒಬ್ಬ ಮೇಡಂ ಜೀಪಿನಲ್ಲಿ ಬಂದರು. ನಾಟಿ ಔಷಧಿ ಗಿಡಗಳ ಸಂಶೋಧನೆ ಮಾಡೋರು. ಅತ್ತಿಗೆ ಅರೆದ ಸೊಪ್ಪು ತಂದಿಟ್ಟಳು.

"ಅರೆದಿದ್ದರಲ್ಲಿ ಗೊತ್ತಾಗಲ್ಲಮ್ಮ. ಬೇರು, ಹೂವು ಎಲ್ಲಾ ಇರೋ ಗಿಡ ಬೇಕು. ಗಾಯ ಮಾಯಿಸೋ ಗುಣ ಅದರಲ್ಲಿ ಏನಿದೆ ಅಂತ ಪರೀಕ್ಷೆ ಮಾಡ್ತೀವಿ. ತೋರಿಸಿದೋರ ಹೆಸರೂ ಬರೀತೀವಿ."

"ಯಾರಿಗೂ ತೋರಿಸಬ್ಯಾಡ ಅಂದಿದ್ರು ನಮ್ಮ ಮಾವ" ಅಂದಳು ಅತ್ತಿಗೆ.

ಅಣ್ಣ ಕಂಬಳಿ ಕೊಡವಿ ಎದ್ದ. "ಕುಂತ್ಕಳ್ರಿ ಮೇಡಂ, ನಾನು ತರ್ತೀನಿ. ದಿನಾ ಉಣ್ಣಕ್ಕಿಕ್ಕುವಾಗ ಇವಳ ಕೈ ವಾಸನೆ ನೋಡೀನಿ. ನಂಗೆ ಗೊತ್ತಾಗಲ್ವಾ?"

ಬೇಲಿ ಸಾಲಿಂದ ಬುಡಸಮೇತ ನಾಯಿತುಳಸಿ ಕಿತ್ತು ತಂದ. ಮೇಡಂ ಅದನ್ನು ಹಳೇ ಪೇಪರಿನ ನಡುವೆ ಹರಡಿ, ಬರೆದುಕೊಳ್ಳಲು ಅಣ್ಣನ ಹೆಸರು ಕೇಳಿದರು. ಅಣ್ಣ ಅಪ್ಪನ ಹೆಸರನ್ನೂ ಸೇರಿಸಿ ಹೇಳಿದ. ಅವನ ಮುಖ ಅಷ್ಟು ಅರಳಿದ್ದನ್ನು ಅವನ ಮದುವೆಯಲ್ಲೂ ನಾನು ನೋಡಿರಲಿಲ್ಲ.

ಮೇಡಂ ಪೇಪರು ಕಟ್ಟುವಾಗ ಅತ್ತಿಗೆ ತಡೆಯಲಾರದೆ ಅಂದಳು, "ಅದನ್ನ ಬಿಡ್ರವ್ವಾ. ಅದು ಬರೀ ವಾಸನೆಗೆ. ಅಸಲು ಸೊಪ್ಪನ್ನ ಯಾರೂ ಮೂಸಿ ಕಂಡುಹಿಡೀಬಾರದು ಅಂತ ಮಾವಾರೇ ಬೆರೆಸೋಕೆ ಹೇಳಿದ್ದು."

ಜೀಪಿನ ಡ್ರೈವರು ಕಿಸಕ್ಕನೆ ನಕ್ಕ. ಅಣ್ಣನ ಮುಖ ಸುಟ್ಟ ಬದನೆಕಾಯಿ ಆಯ್ತು.

"ಸುಳ್ಳು ಗಿಡಕ್ಕೆ ನಿನ್ನ ಹೆಸರು ಹತ್ತಬಾರದು" ಅಂದಳು ಅತ್ತಿಗೆ ಅವನಿಗೆ. "ಕಟ್ಟು ಮುರಿದರೆ ಮುರೀಲಿ. ಬಾರಯ್ಯ, ಗುಡ್ಡಕ್ಕೆ ಹೋಗಾಣ. ಅಸಲುದು ತೋರಿಸ್ತೀನಿ, ನೀನೇ ಕಿತ್ತು ಅವರ ಕೈಗೆ ಕೊಡು."

ಇಷ್ಟು ವರ್ಷ ಆಸೆಪಟ್ಟಿದ್ದು ಕಾಲ ಬಳಿಗೇ ಬಂದಿತ್ತು. ಅಣ್ಣ ಕದಲಲಿಲ್ಲ.

"ನೀನು ಕೊಟ್ಟರೆ ಅದು ನಿಂದೇ ಕಣೆ" ಅಂದ. "ನಮ್ಮಪ್ಪ ಕೊಡಲಿಲ್ಲವಲ್ಲ."

ಮೇಡಂ ಜೊತೆ ಅತ್ತಿಗೆ ಒಬ್ಬಳೇ ಗುಡ್ಡ ಹತ್ತಿದಳು. ಅವರು ಯಾವ ಕಡೆ ತಿರುಗುತ್ತಾರೆ ಅನ್ನೋದನ್ನು ನೋಡಬಾರದೆಂದು ಅಣ್ಣ ಗುಡ್ಡಕ್ಕೆ ಬೆನ್ನು ಹಾಕಿ ಕುರಿಹಟ್ಟಿಯ ಮುಂದೆ ಕುಂತ. ಆದರೂ ಅವನ ಕುತ್ತಿಗೆ ಆ ಕಡೆಗೇ ಹೊರಳುತ್ತಿತ್ತು.